ಅನಾನಸ್ ವಿಜ್ಞಾನಿ ಮತ್ತು ಇಬ್ಬರು ಎಡವಟ್ಟು ಪತ್ತೇದಾರರು

ಪತ್ತೇದಾರನಿಗೆ ಮೂಗು ಚುರುಕಾಗಿರಬೇಕು ಅಂತಾರೆ. ವಾಸನೆ ಹಿಡಿಯೋದೇ ಅವನ ಕಸುಬು. ಆದರೆ 2016ರಲ್ಲಿ ಬಂದ 'ದಿ ನೈಸ್ ಗೈಸ್' ಅನ್ನೋ ಹಾಲಿವುಡ್ ಸಿನಿಮಾದಲ್ಲಿ ಒಬ್ಬ ಪತ್ತೇದಾರ ಇದ್ದಾನೆ, ಅವನಿಗೆ ವಾಸನೆಯೇ ಗೊತ್ತಾಗಲ್ಲ. ಮನೆಯಲ್ಲಿ ಗ್ಯಾಸ್ ಸೋರಿದ್ದು ಅವನ ಮೂಗಿಗೆ ತಿಳಿಯಲಿಲ್ಲ, ಹೆಂಡತಿ ಬೆಂಕಿಗೆ ಬಲಿಯಾದಳು. ಈಗ ಕುಡಿತ, ಬಾಡಿಗೆ ಮನೆ, ಹದಿಮೂರು ವರ್ಷದ ಮಗಳು. ಆ ಮಗಳೇ ಅಪ್ಪನಿಗಿಂತ ಒಳ್ಳೇ ಪತ್ತೇದಾರಿಣಿ! ಇಂಥವನನ್ನು ನಿರ್ದೇಶಕ ಶೇನ್ ಬ್ಲ್ಯಾಕ್ ಎಲ್ಲಿ ತಂದು ನಿಲ್ಲಿಸಿದ್ದಾರೆ ಗೊತ್ತಾ? 1977ರ ಲಾಸ್ ಏಂಜಲೀಸ್‌ನಲ್ಲಿ. ಆ ಕಾಲಕ್ಕೆ ಅಮೆರಿಕದಲ್ಲೇ ಅತ್ಯಂತ ಕೆಟ್ಟ ಗಾಳಿಗೆ ಹೆಸರಾದ ಊರು ಅದು. ಇಡೀ ಊರು ಹೊಗೆಯಲ್ಲಿ ಕೆಮ್ಮುತ್ತಿದೆ, ಪತ್ತೆ ಹಚ್ಚಬೇಕಾದವನಿಗೆ ಮೂಗಿಲ್ಲ.

ಕಥೆ ಇಷ್ಟು. ಹಾಲೆಂಡ್ ಮಾರ್ಚ್ ಲೈಸೆನ್ಸ್ ಇರೋ ಖಾಸಗಿ ಪತ್ತೇದಾರ, ಪಾತ್ರ ಮಾಡಿದ್ದು ರಯಾನ್ ಗಾಸ್ಲಿಂಗ್. ವಯಸ್ಸಾದ ಹೆಂಗಸರ ದುಡ್ಡು ತಿಂದು ಬದುಕೋ ಆಸಾಮಿ. ಇನ್ನೊಬ್ಬ ಜಾಕ್ಸನ್ ಹೀಲಿ, ಪಾತ್ರಧಾರಿ ರಸೆಲ್ ಕ್ರೋವ್. ದುಡ್ಡು ಕೊಟ್ಟರೆ ಹೇಳಿದವರಿಗೆ ಎರಡು ಬಿಗಿದು ಬರೋದು ಇವನ ಕೆಲಸ. ಮೊದಲ ಭೇಟಿಯಲ್ಲೇ ಹೀಲಿ ಮಾರ್ಚ್‌ನ ಕೈ ಮುರೀತಾನೆ. ಆಮೇಲೆ ಅದೇ ಹೀಲಿ, ಅದೇ ಕೈ ಮುರಿದವನ ಹತ್ತಿರ ಬಂದು, ಅಮೀಲಿಯಾ ಅನ್ನೋ ಹುಡುಗಿಯನ್ನು ಹುಡುಕಿ ಕೊಡು ಅಂತಾನೆ. ಎತ್ತು ಏರಿಗೆ, ಕೋಣ ನೀರಿಗೆ. ಈ ಜೋಡಿ ಎಡವಿ ಬಿದ್ದು, ಈಜುಕೊಳದಲ್ಲಿ ಮುಳುಗಿ, ತಪ್ಪು ಬಾಗಿಲು ತಟ್ಟಿ ಕೊನೆಗೆ ತಲುಪೋದು ಒಂದು ದೊಡ್ಡ ಪಿತೂರಿಯ ಹತ್ತಿರ. ಡೆಟ್ರಾಯಿಟ್‌ನ ಕಾರು ಕಂಪನಿಗಳೆಲ್ಲ ಸೇರಿ, ಹೊಗೆ ತಡೆಯೋ ಒಂದು ಸಾಧನವನ್ನು ಬೇಕಂತಲೇ ಅದುಮಿ ಇಟ್ಟಿವೆ. ಆ ಸಾಧನದ ಹೆಸರು ಕ್ಯಾಟಲಿಟಿಕ್ ಕನ್ವರ್ಟರ್.

ಸಿನಿಮಾ ನೋಡಿದವರು ನಕ್ಕು ಮರೆತುಬಿಡಬಹುದು. ಆದರೆ ನಾನು ಓದಿದ್ದು ಇಂಜಿನಿಯರಿಂಗ್. ಪ್ರೇಮಕಥೆಗೆ ಅಳದೇ ಇರಬಹುದು, ಸೈಲೆನ್ಸರ್ ಪೈಪಿನ ಕಥೆ ಬಂದರೆ ಮಾತ್ರ ಕಿವಿ ನೆಟ್ಟಗಾಗುತ್ತೆ. ಹಾಗಾಗಿ ಇವತ್ತಿನ ಪ್ರಶ್ನೆ ಇದು: ಆ ಪಿತೂರಿ ನಿಜವಾಗಿ ನಡೆದಿತ್ತಾ? ನಡೆದಿದ್ದರೆ ಹಿಡಿದವರು ಯಾರು? ಶಿಕ್ಷೆ ಆಯ್ತಾ?

ಮೊದಲು ಈ ಬಗೆಯ ಸಿನಿಮಾಗಳ ಬಗ್ಗೆ ಎರಡು ಮಾತು. ಕತ್ತಲೆ, ಮಳೆ, ಸಿಗರೇಟು, ಯಾರನ್ನೂ ನಂಬದ ಪತ್ತೇದಾರ, ಇಂಥ ಅಮೆರಿಕನ್ ಚಿತ್ರಗಳಿಗೆ 'ನುವಾರ್' ಅಂತ ಹೆಸರಿಟ್ಟಿದ್ದು ಫ್ರೆಂಚರು, 1946ರಲ್ಲಿ. ಫ್ರೆಂಚಿನಲ್ಲಿ ಹಾಗಂದ್ರೆ ಕಪ್ಪು. ನಮ್ಮಲ್ಲಿ ಪತ್ತೇದಾರಿ ಕಥೆ ಅಂದ್ರೆ ಎನ್. ನರಸಿಂಹಯ್ಯನವರ ಪುರುಷೋತ್ತಮ. ಪತ್ತೇದಾರ ಗೆಲ್ಲಲೇಬೇಕು, ಕಳ್ಳ ಸಿಗಲೇಬೇಕು. 2019ರ 'ಬೆಲ್ ಬಾಟಂ' ಎಂಬತ್ತರ ದಶಕಕ್ಕೆ ಹೋಗಿ ನಗಿಸಿತಲ್ಲ, ಅಲ್ಲೂ ಡಿಟೆಕ್ಟಿವ್ ದಿವಾಕರ ಕೇಸು ಬಿಡಿಸದೆ ಬಿಡಲ್ಲ. ನುವಾರ್ ಹಾಗಲ್ಲ. ಅಲ್ಲಿ ಪತ್ತೇದಾರ ಕೊಲೆಗಾರನನ್ನು ಹುಡುಕ್ತಾ ಹೋದರೆ, ಸಿಗೋದು ಒಬ್ಬ ಮನುಷ್ಯ ಅಲ್ಲ, ಒಂದು ವ್ಯವಸ್ಥೆ. ಅದಕ್ಕೆ ಕೈಕೋಳ ಹಾಕೋಕಾಗಲ್ಲ.

ಲಾಸ್ ಏಂಜಲೀಸಿನ ಮೂರು ಸಿನಿಮಾ ಸಾಲಾಗಿ ಇಟ್ಟು ನೋಡಿ. 1974ರ 'ಚೈನಾಟೌನ್' ನೀರಿನ ಕಥೆ. ಊರಿಗೆ ನೀರು ತಂದ ಹೆಸರಲ್ಲಿ ಭೂಮಿ ಹೊಡೆದವರ ಕಥೆ. ಅದರ ಬೇರು 1913ರಲ್ಲಿ ಓವೆನ್ಸ್ ಕಣಿವೆಯಿಂದ ನೀರು ತಂದ ನಿಜವಾದ ಕಾಲುವೆಯಲ್ಲಿದೆ. 1988ರ 'ಹೂ ಫ್ರೇಮ್ಡ್ ರೋಜರ್ ರ‍್ಯಾಬಿಟ್' ಒಬ್ಬ ಕುಡುಕ ಪತ್ತೇದಾರ ಮತ್ತು ಒಂದು ಕಾರ್ಟೂನ್ ಮೊಲದ ಕಥೆ. ಇದಕ್ಕಿಂತ ಹೊಂದಾಣಿಕೆ ಇಲ್ಲದ ಜೋಡಿ ಇನ್ನೆಲ್ಲಿ ಸಿಗುತ್ತೆ? ಅದರ ಒಳಗಿನ ಪಿತೂರಿ ಟ್ರಾಮ್ ಕಿತ್ತು ಹೆದ್ದಾರಿ ಮಾಡೋದು. 2016ರ 'ನೈಸ್ ಗೈಸ್' ಗಾಳಿಯ ಕಥೆ. ನೀರು, ದಾರಿ, ಗಾಳಿ. ಒಂದು ಊರು ಏನೇನು ಕಳ್ಕೊಂಡಿತು ಅನ್ನೋದನ್ನ ಪಠ್ಯಪುಸ್ತಕ ಹೇಳೋ ಮೊದಲೇ ಮನರಂಜನೆಯ ಸಿನಿಮಾಗಳು ಹೇಳಿಬಿಟ್ಟವು.

ಆದರೆ ಸಿನಿಮಾ ಹೇಳಿದ್ದೆಲ್ಲ ನಿಜ ಅಂತ ನಂಬಿ ಕೂರಬೇಡಿ. ಟ್ರಾಮ್ ವಿಷಯವನ್ನೇ ತಗೊಳ್ಳಿ. 1949ರಲ್ಲಿ ಜನರಲ್ ಮೋಟಾರ್ಸ್, ಫೈರ್‌ಸ್ಟೋನ್, ಸ್ಟ್ಯಾಂಡರ್ಡ್ ಆಯಿಲ್ ಆಫ್ ಕ್ಯಾಲಿಫೋರ್ನಿಯಾ ಮೊದಲಾದ ಕಂಪನಿಗಳು ತಪ್ಪಿತಸ್ಥ ಅಂತ ಕೋರ್ಟಲ್ಲಿ ತೀರ್ಪಾಯ್ತು. ಯಾವ ತಪ್ಪಿಗೆ? ತಮ್ಮ ಹಿಡಿತದ ಸಾರಿಗೆ ಕಂಪನಿಗಳಿಗೆ ಬಸ್ಸು, ಟೈರು, ಡೀಸೆಲ್ ಮಾರೋದರಲ್ಲಿ ಏಕಸ್ವಾಮ್ಯ ಮಾಡಿಕೊಂಡ ತಪ್ಪಿಗೆ. ಟ್ರಾಮ್ ಕಿತ್ತ ತಪ್ಪಿಗೆ ಅಲ್ಲ. ಸಿನಿಮಾದಲ್ಲಿ ಬರೋ ಕೆಂಪು ಟ್ರಾಮ್‌ಗಳಂತೂ ಆ ಕೂಟದ ಕೈಯಲ್ಲಿ ಇರಲೇ ಇಲ್ಲ, ಇದ್ದದ್ದು ಹಳದಿ ಟ್ರಾಮ್‌ಗಳು. ದಂಡ ಎಷ್ಟು ಗೊತ್ತಾ? ಕಂಪನಿಗಳಿಗೆ 5,000 ಡಾಲರ್. ಅಧಿಕಾರಿಗಳಿಗೆ ತಲಾ 1 ಡಾಲರ್! ಹೌದು, ಒಂದೇ ಒಂದು ಡಾಲರ್. ನಿಜಕ್ಕಿಂತ ಸಿನಿಮಾ ಉತ್ಪ್ರೇಕ್ಷೆ ಮಾಡಿದೆ ಅನ್ನೋದು ಸರಿ. ಆದರೆ ನಿಜವೇ ಕೆಲವು ಸಲ ಸಿನಿಮಾಗಿಂತ ದೊಡ್ಡ ಹಾಸ್ಯ ಮಾಡುತ್ತೆ ಅನ್ನೋದೂ ಅಷ್ಟೇ ಸರಿ.

ಈಗ ಗಾಳಿಗೆ ಬರೋಣ.

1943ರ ಜುಲೈ 26. ಎರಡನೇ ಮಹಾಯುದ್ಧ ಜೋರಾಗಿ ನಡೀತಿದೆ. ಲಾಸ್ ಏಂಜಲೀಸ್ ಜನ ಬೆಳಗ್ಗೆ ಹೊರಗೆ ಬಂದ್ರೆ ಕಣ್ಣು ಉರಿ, ಗಂಟಲು ಕೆರೆತ, ಮೂರು ಬೀದಿ ಆಚೆ ಏನೂ ಕಾಣಲ್ಲ. ಜಪಾನಿನವರು ವಿಷಾನಿಲ ಬಿಟ್ಟರು ಅಂತ ಗುಲ್ಲೆದ್ದಿತು. ಜಪಾನ್ ಅಲ್ಲ ಅಂತ ಗೊತ್ತಾದ ಮೇಲೆ, ಕೃತಕ ರಬ್ಬರಿಗೆ ಬೇಕಾದ ಬ್ಯುಟಡೈಯೀನ್ ತಯಾರಿಸೋ ಒಂದು ಕಾರ್ಖಾನೆ ಮೇಲೆ ಅನುಮಾನ ತಿರುಗಿತು. ಅದನ್ನು ಮುಚ್ಚಿಸಿದರು. ಹೊಗೆ ಹೋಗಲಿಲ್ಲ. ಮೂರು ಕಡೆ ಬೆಟ್ಟ, ಒಂದು ಕಡೆ ಸಮುದ್ರ, ಮೇಲೆ ಬಿಸಿಗಾಳಿಯ ಮುಚ್ಚಳ. ಊರು ಪಾತ್ರೆಯ ಹಾಗೆ. ಒಳಗೆ ಹಾಕಿದ್ದು ಒಳಗೇ ಬೇಯುತ್ತೆ. ಆದರೆ ಒಳಗೆ ಹಾಕ್ತಿರೋರು ಯಾರು?

ಉತ್ತರ ಹುಡುಕಿದವನು ಪೊಲೀಸ್ ಅಲ್ಲ, ಪತ್ರಕರ್ತನೂ ಅಲ್ಲ. ಅನಾನಸ್ ಹಣ್ಣಿನ ಪರಿಮಳ ಎಲ್ಲಿಂದ ಬರುತ್ತೆ ಅಂತ ಸಂಶೋಧನೆ ಮಾಡ್ತಿದ್ದ ಒಬ್ಬ ರಸಾಯನ ವಿಜ್ಞಾನಿ! ಹೆಸರು ಆರೀ ಹಾಗೆನ್-ಸ್ಮಿಟ್. ನೆದರ್ಲೆಂಡ್ಸ್‌ನಲ್ಲಿ ಹುಟ್ಟಿ, ಕ್ಯಾಲ್‌ಟೆಕ್‌ನಲ್ಲಿ ಪ್ರೊಫೆಸರ್ ಆಗಿದ್ದವರು. ಹಣ್ಣಿನ ಪರಿಮಳದ ಆವಿಯನ್ನು ತಣಿಸಿ ಹನಿ ಮಾಡಿ ಪರೀಕ್ಷಿಸೋದು ಅವರಿಗೆ ಗೊತ್ತಿತ್ತು. ಅದೇ ವಿಧಾನದಲ್ಲಿ ಊರಿನ ಗಾಳಿಯನ್ನು ತಣಿಸಿದರು. ಸಿಕ್ಕಿದ್ದು ಕೆಲವೇ ಹನಿ, ಕಂದು ಬಣ್ಣದ ನಾರುವ ದ್ರವ. 1950ರ ದಶಕದ ಆರಂಭದಲ್ಲಿ ಅವರು ಹೇಳಿದ್ದು ಇದು: ಕಾರಿನ ಹೊಗೆ ಮತ್ತು ಪೆಟ್ರೋಲ್ ಆವಿಯಲ್ಲಿರೋ ಹೈಡ್ರೋಕಾರ್ಬನ್, ಜೊತೆಗೆ ನೈಟ್ರೋಜನ್ ಆಕ್ಸೈಡ್, ಇವೆರಡರ ಮೇಲೆ ಬಿಸಿಲು ಬಿದ್ದರೆ ಓಜೋನ್ ಹುಟ್ಟುತ್ತೆ. ಕಣ್ಣು ಉರಿಸೋದು, ಬೆಳೆ ಸುಡೋದು, ರಬ್ಬರ್ ಬಿರುಕು ಬಿಡಿಸೋದು ಈ ಮಿಶ್ರಣ. ಅಂದ್ರೆ ಅಪರಾಧಿ ಹೊರಗಿನ ಶತ್ರು ಅಲ್ಲ. ಪ್ರತಿ ಮನೆಯ ಮುಂದೆ ನಿಂತಿರೋ ಕಾರು.

ಈ ಮಾತು ಯಾರಿಗೆ ಇಷ್ಟ ಆಗುತ್ತೆ ಹೇಳಿ? ತೈಲ ಕಂಪನಿಗಳ ದುಡ್ಡಲ್ಲಿ ಸಂಶೋಧನೆ ಮಾಡ್ತಿದ್ದ ಸಂಸ್ಥೆ ಅವರ ಲೆಕ್ಕಾಚಾರವನ್ನೇ ಪ್ರಶ್ನಿಸಿತು. ಹಾಗೆನ್-ಸ್ಮಿಟ್ ಸ್ವಾಭಿಮಾನಕ್ಕೆ ಪೆಟ್ಟಾಯ್ತು. ಅನಾನಸ್ ಬಿಟ್ಟು ಹೊಗೆಯ ಹಿಂದೆ ಬಿದ್ದರು. ಅತ್ತ ಲಾಸ್ ಏಂಜಲೀಸ್ ಕೌಂಟಿಯ ಚುನಾಯಿತ ಪ್ರತಿನಿಧಿ ಕೆನೆತ್ ಹಾನ್ 1953ರಲ್ಲಿ ಕಾರು ಕಂಪನಿಗಳಿಗೆ ಪತ್ರ ಬರೆದರು. ಫೋರ್ಡ್ ಕಂಪನಿಯಿಂದ ಬಂದ ಉತ್ತರದ ಸಾರಾಂಶ: ಆ ಆವಿ ಬೇಗ ಗಾಳಿಯಲ್ಲಿ ಕರಗಿ ಹೋಗುತ್ತೆ, ಮಾಲಿನ್ಯದ ಸಮಸ್ಯೆ ಏನಿಲ್ಲ. ಹಾನ್ ಬಿಡಲಿಲ್ಲ. ವರ್ಷದ ಮೇಲೆ ವರ್ಷ ಪತ್ರ ಬರೀತಾನೇ ಇದ್ದರು. ಉತ್ತರಗಳಲ್ಲಿ ಸಂಶೋಧನೆ ನಡೀತಿದೆ, ಸಮಯ ಬೇಕು ಅನ್ನೋದೇ ರಾಗ.

1955ರಲ್ಲಿ ಕಾರು ಕಂಪನಿಗಳೆಲ್ಲ ಒಂದು ಒಪ್ಪಂದ ಮಾಡಿಕೊಂಡವು. ಹೊಗೆ ತಡೆಯೋ ತಂತ್ರಜ್ಞಾನ ಯಾರೇ ಕಂಡುಹಿಡಿದರೂ ಎಲ್ಲರಿಗೂ ಹಂಚಬೇಕು. ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ? ಜನಸೇವೆ ತರ ಇದೆ. ಆದರೆ ಯೋಚನೆ ಮಾಡಿ. ನಾನು ಕಷ್ಟಪಟ್ಟು ಏನಾದ್ರೂ ಕಂಡುಹಿಡಿದರೆ ನನಗೆ ಲಾಭವೇ ಇಲ್ಲ, ಪಕ್ಕದವನಿಗೂ ಪುಕ್ಕಟೆ ಹೋಗುತ್ತೆ. ಹಾಗಿದ್ದಾಗ ನಾನ್ಯಾಕೆ ಕಂಡುಹಿಡೀಲಿ? ಪೈಪೋಟಿ ಇಲ್ಲದ ಕಡೆ ಓಟ ಇರಲ್ಲ.

ಇದಕ್ಕೆ ಸಾಕ್ಷಿ 1964ರಲ್ಲಿ ಸಿಕ್ಕಿತು. ಹೊಗೆ ತಡೆಯೋ ಸಾಧನವನ್ನು 1967ರ ಮಾದರಿಗೆ ಮೊದಲು ಕಾರಿಗೆ ಹಾಕೋಕೆ ಸಾಧ್ಯವೇ ಇಲ್ಲ ಅಂತ ಕಂಪನಿಗಳು ಹೇಳ್ತಿದ್ದವು. ಕ್ಯಾಲಿಫೋರ್ನಿಯಾ ಸರ್ಕಾರ ಒಂದು ಕೆಲಸ ಮಾಡಿತು. ಡೆಟ್ರಾಯಿಟ್‌ಗೆ ಸೇರದ ಹೊರಗಿನ ತಯಾರಕರ ನಾಲ್ಕು ಸಾಧನಗಳಿಗೆ ಒಪ್ಪಿಗೆ ಮುದ್ರೆ ಒತ್ತಿತು. ಆ ರಾಜ್ಯದ ಕಾನೂನಿನ ಪ್ರಕಾರ 1966ರ ಮಾದರಿಯಿಂದ ಸಾಧನ ಕಡ್ಡಾಯ ಆಯ್ತು. ಆಮೇಲೇನಾಯ್ತು? ಕೆಲವೇ ವಾರಗಳಲ್ಲಿ ಕಾರು ಕಂಪನಿಗಳು ಬಂದು, ನಮ್ಮ ಸ್ವಂತ ವ್ಯವಸ್ಥೆಯನ್ನೇ 1966ಕ್ಕೆ ಹಾಕ್ತೀವಿ ಅಂದವು. ಸಾಧ್ಯವೇ ಇಲ್ಲ ಅಂದಿದ್ದು ಬೇರೆಯವರ ಕೈಗೆ ವ್ಯಾಪಾರ ಹೋಗುತ್ತೆ ಅಂದ ತಕ್ಷಣ ಸಾಧ್ಯ ಆಗೋಯ್ತು!

ಈಗ ಸಿನಿಮಾದ ಪಿತೂರಿಯ ಅಸಲಿ ದಾಖಲೆ. 1969ರ ಜನವರಿ 10ರಂದು, ಅಧ್ಯಕ್ಷ ಜಾನ್ಸನ್ ಅಧಿಕಾರ ಬಿಡೋಕೆ ಹತ್ತು ದಿನ ಮೊದಲು, ಅಮೆರಿಕದ ನ್ಯಾಯ ಇಲಾಖೆ ಜನರಲ್ ಮೋಟಾರ್ಸ್, ಫೋರ್ಡ್, ಕ್ರೈಸ್ಲರ್, ಅಮೆರಿಕನ್ ಮೋಟಾರ್ಸ್ ಮತ್ತು ಅವರ ತಯಾರಕರ ಸಂಘದ ಮೇಲೆ ಮೊಕದ್ದಮೆ ಹೂಡಿತು. ಆರೋಪ: 1953ರಿಂದಲೂ ಒಳಗೊಳಗೇ ಮಾತಾಡ್ಕೊಂಡು ಮಾಲಿನ್ಯ ತಡೆ ಸಾಧನಗಳನ್ನು ನಿಧಾನ ಮಾಡಿದ್ದಾರೆ. ಸಿನಿಮಾದಲ್ಲಿ ಕಿಮ್ ಬೇಸಿಂಗರ್ ಮಾಡಿರೋ ನ್ಯಾಯ ಇಲಾಖೆಯ ಅಧಿಕಾರಿಯ ಪಾತ್ರದ ಬೇರು ಇಲ್ಲಿದೆ. ಅವಳು ಮೊಕದ್ದಮೆ ನೋಡ್ಕೊಳ್ಳೋ ಹೆಂಗಸು, ಒಳಗೆ ಕಂಪನಿಗಳ ಪರ. ಅದು ಕಲ್ಪನೆ. ನಿಜದಲ್ಲಿ ಯಾರೂ ಯಾರನ್ನೂ ಕೊಲ್ಲಲಿಲ್ಲ, ಕೊಲ್ಲೋ ಅಗತ್ಯವೇ ಬೀಳಲಿಲ್ಲ. ಅದೇ ವರ್ಷ ಅಕ್ಟೋಬರ್ ಹೊತ್ತಿಗೆ, ನಿಕ್ಸನ್ ಸರ್ಕಾರದ ಕಾಲದಲ್ಲಿ, ಕೇಸು ರಾಜಿಯಲ್ಲಿ ಮುಗೀತು. ವಿಚಾರಣೆ ಇಲ್ಲ. ಸಾಕ್ಷಿಗಳ ಹೇಳಿಕೆ ಬಹಿರಂಗ ಇಲ್ಲ. ಕಂಪನಿಗಳು ತಪ್ಪು ಒಪ್ಪಿಕೊಳ್ಳಲಿಲ್ಲ. ಮುಂದೆ ಹಾಗೆ ಮಾಡಲ್ಲ ಅಂದವು, ಅಷ್ಟೇ. ಬಹಿರಂಗ ವಿಚಾರಣೆ ಆಗಲಿ ಅಂತ ಲಾಸ್ ಏಂಜಲೀಸ್ ಕೌಂಟಿ ಬೇಡಿಕೊಂಡರೂ ಕೋರ್ಟ್ ಒಪ್ಪಲಿಲ್ಲ. 1971ರಲ್ಲಿ ಸಂಸದ ಫಿಲಿಪ್ ಬರ್ಟನ್ ನ್ಯಾಯ ಇಲಾಖೆಯ ಒಂದು ಗೋಪ್ಯ ಟಿಪ್ಪಣಿಯನ್ನು ಸಂಸತ್ತಿನ ಕಡತಕ್ಕೆ ಸೇರಿಸಿದ್ದರಿಂದ ಸ್ವಲ್ಪವಾದರೂ ಹೊರಗೆ ಬಂತು.

ಒಂದು ಮಾತು ಸ್ಪಷ್ಟ ಮಾಡಬೇಕು. ಕೋರ್ಟು ಈ ಕಂಪನಿಗಳನ್ನು ಅಪರಾಧಿ ಅಂತ ಹೇಳಲಿಲ್ಲ. ನಿರಪರಾಧಿ ಅಂತಾನೂ ಹೇಳಲಿಲ್ಲ. ಹೇಳೋ ಅವಕಾಶವೇ ಬರದಂತೆ ಬಾಗಿಲು ಮುಚ್ಚಿತು. ಜನರಿಗೆ ಆದ ಅನ್ಯಾಯ ಅದೇ. ದಂಡಕ್ಕಿಂತ ದೊಡ್ಡದು ಸತ್ಯ ತಿಳಿಯೋ ಹಕ್ಕು.

ಇನ್ನು ಕ್ಯಾಟಲಿಟಿಕ್ ಕನ್ವರ್ಟರ್ ಅಂದ್ರೆ ಏನು? ಕಾರಿನ ಹೊಗೆ ಕೊಳವೆಯ ಮಧ್ಯೆ ಕೂರಿಸೋ ಡಬ್ಬಿ. ಒಳಗೆ ಜೇನುಗೂಡಿನ ಹಾಗೆ ಸಾವಿರಾರು ತೂತು ಇರೋ ಸೆರಾಮಿಕ್, ಅದರ ಮೇಲೆ ಪ್ಲಾಟಿನಂ, ಪಲೇಡಿಯಂ, ರೋಡಿಯಂ ತರದ ಲೋಹದ ತೆಳು ಲೇಪ. ಹೊಗೆ ಹಾದು ಹೋಗುವಾಗ ವಿಷಕಾರಿ ಕಾರ್ಬನ್ ಮೊನಾಕ್ಸೈಡ್ ಕಾರ್ಬನ್ ಡೈಆಕ್ಸೈಡ್ ಆಗುತ್ತೆ, ಸುಡದೆ ಉಳಿದ ಇಂಧನ ಸುಟ್ಟು ನೀರಾವಿ ಮತ್ತು ಕಾರ್ಬನ್ ಡೈಆಕ್ಸೈಡ್ ಆಗುತ್ತೆ. ಲೋಹ ಖರ್ಚಾಗಲ್ಲ. ಮದುವೆ ಮಾಡಿಸೋ ಬ್ರೋಕರ್ ಇದ್ದ ಹಾಗೆ, ಜೋಡಿ ಸೇರಿಸ್ತಾನೆ, ತಾನು ಹಾಗೇ ಉಳೀತಾನೆ. ಇದರ ಮೂಲ ಪೇಟೆಂಟ್ ಫ್ರೆಂಚ್ ಇಂಜಿನಿಯರ್ ಯೂಜೀನ್ ಹೂಡ್ರಿಯದು, 1950ರ ದಶಕದ್ದು. ಆಗ ಯಾಕೆ ಓಡಲಿಲ್ಲ? ಪೆಟ್ರೋಲಿನಲ್ಲಿ ಸೀಸ ಇತ್ತು. ಸೀಸ ಆ ಲೋಹದ ಮೇಲೆ ಕೂತು ಅದನ್ನು ಸಾಯಿಸುತ್ತೆ. ಅಂದ್ರೆ ಡಬ್ಬಿ ಕೆಲಸ ಮಾಡಬೇಕಾದ್ರೆ ಪೆಟ್ರೋಲ್ ಬದಲಾಗಬೇಕು, ಪೆಟ್ರೋಲ್ ಬದಲಾಗಬೇಕಾದ್ರೆ ಕಾನೂನು ಬದಲಾಗಬೇಕು. 1970ರ ಶುದ್ಧ ಗಾಳಿ ಕಾಯ್ದೆ, ಕಾರಿನ ವಿಷಾನಿಲ ಶೇ. 90ರಷ್ಟು ಇಳಿಸಲೇಬೇಕು ಅಂದಿತು. ಕಂಪನಿಗಳು ಮತ್ತೆ ಆಗಲ್ಲ ಅಂದವು, ಗಡುವು ಮುಂದೆ ಹೋಯ್ತು. ಆದರೂ 1975ರ ಮಾದರಿಯ ಬಹುಪಾಲು ಅಮೆರಿಕನ್ ಕಾರುಗಳಿಗೆ ಕನ್ವರ್ಟರ್ ಬಂತು.

ಅಲ್ಲಿಗೆ ಸಿನಿಮಾದ ಇತಿಹಾಸ ಸ್ವಲ್ಪ ಜಾರುತ್ತೆ ನೋಡಿ. 1977ರಲ್ಲಿ ಕನ್ವರ್ಟರ್ ಗುಟ್ಟಿನ ವಸ್ತುವೇ ಅಲ್ಲ, ಎರಡು ವರ್ಷದಿಂದ ಕಾರುಗಳಲ್ಲಿ ಓಡ್ತಿದೆ. ಸ್ವೀಡನ್ನಿನ ವೋಲ್ವೋ ಅಂತೂ ನೈಟ್ರೋಜನ್ ಆಕ್ಸೈಡನ್ನೂ ಹಿಡಿಯೋ ಸುಧಾರಿತ ಕನ್ವರ್ಟರನ್ನು ಆ ವರ್ಷದ ಮಾದರಿಯಲ್ಲೇ ಕ್ಯಾಲಿಫೋರ್ನಿಯಾಕ್ಕೆ ತಂದಿತ್ತು. ಶೇನ್ ಬ್ಲ್ಯಾಕ್ ಅರವತ್ತರ ದಶಕದ ಪಿತೂರಿಯನ್ನು ಎಪ್ಪತ್ತರ ದಶಕದ ಬಟ್ಟೆಗೆ, ಸಂಗೀತಕ್ಕೆ, ಪಾರ್ಟಿಗೆ ಹೊಲಿದಿದ್ದಾರೆ. ಸಿನಿಮಾಗೆ ಆ ಸ್ವಾತಂತ್ರ್ಯ ಇದೆ. ಇತಿಹಾಸ ಓದೋ ನಮಗೆ ಆ ವ್ಯತ್ಯಾಸ ಗೊತ್ತಿರಬೇಕು. ಮತ್ತೊಂದು ವಿಷಯ: ಅದೇ 1977ರ ಮಾರ್ಚ್‌ನಲ್ಲಿ ಹಾಗೆನ್-ಸ್ಮಿಟ್ ತೀರಿಕೊಂಡರು. ಅಷ್ಟರಲ್ಲಿ ಅವರು ಕ್ಯಾಲಿಫೋರ್ನಿಯಾ ವಾಯು ಸಂಪನ್ಮೂಲ ಮಂಡಳಿಯ ಮೊದಲ ಅಧ್ಯಕ್ಷರೂ ಆಗಿದ್ದರು.

ಸಿನಿಮಾ ಹೇಗೆ ಮುಗಿಯುತ್ತೆ? ಅಧಿಕಾರಿಣಿ ಸಿಕ್ಕಿಬೀಳ್ತಾಳೆ. ಕಾರು ಕಂಪನಿಗಳು ಸಾಕ್ಷಿ ಸಾಲದು ಅಂತ ಪಾರಾಗ್ತವೆ. ನಮ್ಮ ಎಡವಟ್ಟು ಜೋಡಿ ಬಾರಲ್ಲಿ ಕೂತು, ಇನ್ನೈದು ವರ್ಷಕ್ಕೆ ಎಲ್ಲರೂ ಜಪಾನಿನ ಎಲೆಕ್ಟ್ರಿಕ್ ಕಾರಲ್ಲಿ ಓಡಾಡ್ತಾರೆ ಬಿಡು ಅಂತ ಸಮಾಧಾನ ಮಾಡ್ಕೊಳ್ತಾರೆ. ಪ್ರೇಕ್ಷಕ ನಗ್ತಾನೆ, ಯಾಕಂದ್ರೆ ಅವನಿಗೆ ಮುಂದಿನದು ಗೊತ್ತು.

ಆದರೆ ನಿಜ ಜೀವನದಲ್ಲಿ ಈ ಕಥೆಗೆ ಇನ್ನೊಂದು ಭಾಗ ಇದೆ. ಸಿನಿಮಾ ಬರೋಕೆ ಎಂಟು ತಿಂಗಳು ಮೊದಲು, 2015ರ ಸೆಪ್ಟೆಂಬರ್‌ನಲ್ಲಿ ಫೋಕ್ಸ್‌ವ್ಯಾಗನ್ ಹಗರಣ ಸ್ಫೋಟ ಆಯ್ತು. ಪರೀಕ್ಷೆ ನಡೀತಿದೆ ಅಂತ ಗೊತ್ತಾದ ಕೂಡಲೇ ಡೀಸೆಲ್ ಕಾರು ಸಾಚಾ ಆಗೋ ಹಾಗೆ, ರಸ್ತೆಗಿಳಿದ ಮೇಲೆ ವಿಷ ಕಾರೋ ಹಾಗೆ ಸಾಫ್ಟ್‌ವೇರ್ ಬರೆದಿದ್ದರು. ಪ್ರಪಂಚದಾದ್ಯಂತ 1.1 ಕೋಟಿ ಕಾರು. ಹಿಡಿದವರು ಯಾರು? ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಒಂದು ಸಣ್ಣ ತಂಡ. ಕಾರಿನ ಹಿಂದೆ ಅಳತೆ ಯಂತ್ರ, ಜನರೇಟರ್ ಕಟ್ಟಿಕೊಂಡು ಕ್ಯಾಲಿಫೋರ್ನಿಯಾ ರಸ್ತೆಗಳಲ್ಲಿ ಓಡಾಡಿದ ಮೂವರು ಸಂಶೋಧಕರಲ್ಲಿ ಒಬ್ಬ ಸ್ವಿಟ್ಜರ್ಲೆಂಡ್‌ನವನು, ಇಬ್ಬರು ಭಾರತದವರು: ಅರವಿಂದ್ ತಿರುವೆಂಗಡಂ ಮತ್ತು ಹೇಮಂತ್ ಕಪ್ಪಣ್ಣ. ಒಂದು ಕಾರು ಮಿತಿಗಿಂತ 15ರಿಂದ 35 ಪಟ್ಟು ನೈಟ್ರೋಜನ್ ಆಕ್ಸೈಡ್ ಬಿಡ್ತಿತ್ತು. ಕಾರುಗಳ ಲ್ಯಾಬ್ ಪರೀಕ್ಷೆ ನಡೆದಿದ್ದು, ಆಮೇಲೆ ಕಂಪನಿಯ ಬೆನ್ನು ಬಿಡದೆ ಕಾಡಿದ್ದು ಎಲ್ ಮಾಂಟೆಯ ಸರ್ಕಾರಿ ಪ್ರಯೋಗಾಲಯ. ಅದರ ಹೆಸರು ಹಾಗೆನ್-ಸ್ಮಿಟ್ ಪ್ರಯೋಗಾಲಯ! ಅನಾನಸ್ ವಿಜ್ಞಾನಿ ಸತ್ತು 38 ವರ್ಷ ಆದ ಮೇಲೂ ಅವರ ಹೆಸರಿನ ಮನೆಯೇ ಕಳ್ಳನನ್ನು ಹಿಡೀತು.

ಈ ಸಲ 1 ಡಾಲರ್ ದಂಡ ಆಗಲಿಲ್ಲ. 2017ರಲ್ಲಿ ಕಂಪನಿ ತಪ್ಪೊಪ್ಪಿಕೊಂಡು 280 ಕೋಟಿ ಡಾಲರ್ ಕ್ರಿಮಿನಲ್ ದಂಡ ಕಟ್ಟಬೇಕಾಯ್ತು, ಅಮೆರಿಕದಲ್ಲಿ ಸಿಕ್ಕಿಬಿದ್ದ ಅಧಿಕಾರಿಗೆ ಏಳು ವರ್ಷ ಜೈಲು. 1969ಕ್ಕೂ ಇದಕ್ಕೂ ಏನು ವ್ಯತ್ಯಾಸ? ಪತ್ತೇದಾರರು ಜಾಸ್ತಿ ಬುದ್ಧಿವಂತರು ಅಂತ ಅಲ್ಲ. ಅಳತೆ ಬಹಿರಂಗವಾಗಿತ್ತು. ಅಂಕಿ ಅಂಶ ಮೊದಲು ಸಭೆಯಲ್ಲಿ, ವರದಿಯಲ್ಲಿ ಎಲ್ಲರ ಮುಂದೆ ಬಂದಿತ್ತು. ಮುಚ್ಚಿಡೋಕೆ ಯಾರ ಹತ್ತಿರವೂ ಬೀಗ ಇರಲಿಲ್ಲ.

ನಮ್ಮ ಲೆಕ್ಕ? ಅಮೆರಿಕದಲ್ಲಿ 1975ಕ್ಕೆ ಬಂದ ಕನ್ವರ್ಟರ್, ನಮ್ಮಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕಡ್ಡಾಯ ಆಗಿದ್ದು 1995ರ ಏಪ್ರಿಲ್‌ನಲ್ಲಿ, ಅದೂ ದೆಹಲಿ, ಮುಂಬೈ, ಕೋಲ್ಕತ್ತಾ, ಚೆನ್ನೈಯಲ್ಲಿ ಮಾತ್ರ. ಸುಪ್ರೀಂ ಕೋರ್ಟಿನಲ್ಲಿ ಎಂ.ಸಿ. ಮೆಹ್ತಾ ಹೂಡಿದ ಮೊಕದ್ದಮೆಯ ಒತ್ತಡ ಇತ್ತು. ಬೆಂಗಳೂರು ಆ ಪಟ್ಟಿಯಲ್ಲಿ ಇರಲಿಲ್ಲ. ಸೀಸ ಇಲ್ಲದ ಪೆಟ್ರೋಲ್ ಇಡೀ ದೇಶಕ್ಕೆ ಬಂದಿದ್ದು 2000ದಲ್ಲಿ. ಬಿಎಸ್-6 ಬಂದಿದ್ದು 2020ರ ಏಪ್ರಿಲ್‌ನಲ್ಲಿ. ಕಾಗದದ ಮೇಲೆ ನಾವು ಈಗ ಹಿಂದೆ ಇಲ್ಲ.

ಕಾಗದದ ಮೇಲೆ ಅಂದೆ. ಫೋಕ್ಸ್‌ವ್ಯಾಗನ್ ಕಾರುಗಳೂ ಕಾಗದದ ಮೇಲೆ ಸಾಚಾ ಆಗೇ ಇದ್ದವು. ಪೆಟ್ರೋಲ್ ಬಂಕ್ ಪಕ್ಕದ ವ್ಯಾನಿನಲ್ಲಿ ನಿಮ್ಮ ಗಾಡಿಯ ಹೊಗೆ ಪರೀಕ್ಷೆ ಮಾಡಿಸ್ತೀರಲ್ಲ, ಮುಂದಿನ ಸಲ ಚೀಟಿ ಮಡಚಿ ಜೇಬಿಗೆ ಹಾಕ್ಕೊಳ್ಳೋ ಮೊದಲು ಅದರ ಮೇಲಿರೋ ಅಂಕಿಗಳನ್ನು ಒಮ್ಮೆ ಓದಿ. ಕೊಳವೆ ನಿಜವಾಗಿ ಸೈಲೆನ್ಸರ್ ಒಳಗೆ ಹೋಯ್ತಾ ಅಂತ ನಿಂತು ನೋಡಿ. ಅದಕ್ಕೆ ಪತ್ತೇದಾರ ಆಗಬೇಕಿಲ್ಲ, ಮೂಗಿದ್ದರೆ ಸಾಕು.